ಅತ್ತೆ ಮುಂದೆ, ನಾನು ಹಿಂದೆ

ಮೊನ್ನೆ ಭಾನುವಾರ ಸಂಜೆ ಮೊಮ್ಮಗಳು ರೇಣುಕಾ ಹೊಸ್ತಿಲು ದಾಟಿದಳೋ ಇಲ್ಲವೋ, ಪಡಸಾಲೆಯ ತುಂಬ ಗಂಜಣಿ ಹುಲ್ಲಿನ ವಾಸನೆ. ನಿಂಬೆಹಣ್ಣಿನ ಸಿಪ್ಪೆಯನ್ನು ಕೈಯಲ್ಲಿ ಹಿಚುಕಿದರೆ ಬರುತ್ತದಲ್ಲ, ಹೆಚ್ಚುಕಡಿಮೆ ಅಂಥದು. ದುಪಟ್ಟಾದ ತುಂಬ ಹುಲ್ಲಿನ ಮುಳ್ಳು, ಮೊಣಕೈ ತರಚಿದೆ, ಮುಖ ಬಿಸಿಲಿಗೆ ಕಂದಿದೆ, ಆದರೂ ಎದೆಯೆತ್ತಿ ನಿಂತಿದ್ದಾಳೆ. ಯಾದಗಿರಿಯ ಅವಳ ಕಾಲೇಜಿನ ಹುಡುಗ ಹುಡುಗಿಯರೆಲ್ಲ ಸೇರಿ ಶಹಾಪುರದ ಆಚೆ ಗುಡ್ಡ ಹತ್ತಲು ಹೋಗಿದ್ದರಂತೆ. ಯಾವ ಗುಡ್ಡ ಎಂದು ಕೇಳಿದೆ. ಅವಳು ಹೇಳಿದ ಗುರುತು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಅದು ನನ್ನ ಗಂಡನ ಮನೆಯ ಹಿತ್ತಿಲಿನಿಂದ ಕಾಣುತ್ತಿದ್ದ ಗುಡ್ಡ.

"ಆಯಿ, ಅದಕ್ಕ ದಾರೀನ ಇಲ್ಲ, ಗೊತ್ತೈತೇನು? ನಾವ ಹುಡಿಕಿದ್ವಿ. ನಮ್ಮಕಿಂತ ಮೊದ್ಲ ಯಾರೂ ಮ್ಯಾಲ ಹೋಗಿಲ್ಲಂತ. ನಮ್ಮ ಸರ್ ಹೇಳಿದ್ರು."

"ನಿಮ್ಮ ಸರ್ ಯಾವ ಕಡ್ಯಾವ್ರು?"

"ಮೈಸೂರ ಕಡ್ಯಾವ್ರು."

"ಹಂಗಾದ್ರ ಬಿಡು ಪಾಪ," ಎಂದೆ.

ನೀವೂ ಆ ಸರ್ ಹಾಗೆಯೇ ತಿಳಿದುಕೊಳ್ಳಬಾರದು ನೋಡಿ, ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ. ಶಹಾಪುರದಲ್ಲಿ ಮಲಗಿದ ಮನುಷ್ಯನಂತೆ ಕಾಣುವ ಗುಡ್ಡವನ್ನು ನೀವು ನೋಡಿರುತ್ತೀರಿ. ಬಸ್ಸಿನಲ್ಲಿ ಪಕ್ಕ ಕೂತವರು ಕೈ ಮಾಡಿ ತೋರಿಸದೆ ಬಿಡುವುದಿಲ್ಲ. ಸುರಪುರದ ಗುಡ್ಡಗಳಿಗೆ ದೊರೆಗಳ ಕಥೆ ಇದೆ, ಯಾದಗಿರಿಯ ಗುಡ್ಡಕ್ಕೆ ಕೋಟೆ ಇದೆ. ನಮ್ಮದಕ್ಕೆ ಇವು ಯಾವುದೂ ಇಲ್ಲ. ಗುಡಿಯಿಲ್ಲ, ದರ್ಗಾ ಇಲ್ಲ, ಹರಕೆ ಹೊತ್ತು ಯಾರೂ ಬರುವುದಿಲ್ಲ. ಮನೆಯಷ್ಟು ದೊಡ್ಡ ಬಂಡೆಗಳು ಒಂದರ ಮೇಲೊಂದು ಬಿದ್ದಿವೆ. ಅವುಗಳ ಸಂದಿಯಲ್ಲಿ ಕವಳಿ, ಬಾರಿ, ಸೀತಾಫಲದ ಕಂಟಿ. ಇನ್ನೂ ಒಳಗೆ ಹೋದರೆ ಕರಡಿ. ಊರವರು ಅದಕ್ಕೊಂದು ಹೆಸರಿಡುವ ಗೋಜಿಗೂ ಹೋಗಿರಲಿಲ್ಲ, ಬರೀ 'ಗುಡ್ಡ' ಅನ್ನುತ್ತಿದ್ದರು. ಅದನ್ನು ನಾನು ಮೊದಲ ಸಲ ಹತ್ತಿದ್ದು ನಿಜಾಮನ ರಾಜ್ಯದ ಕೊನೆಗಾಲದಲ್ಲಿ, ಜಗತ್ತಿನ ದೊಡ್ಡ ಲಡಾಯಿ ನಡೆದಿದ್ದಾಗ, ತಲೆಯ ಮೇಲೆ ಉಪ್ಪಿನ ಗಂಟು ಹೊತ್ತುಕೊಂಡು.

ಉಪ್ಪು ಯಾಕೆ ಅಂದಿರಾ? ನಮ್ಮದು ಕುರಿಯ ಮನೆ. ನಮ್ಮ ಕಡೆಯ ಕರಿಮಣ್ಣಿನ ಎರೆಹೊಲ ಮಳೆ ಬಿದ್ದರೆ ಅಂಟುತ್ತದೆ. ಕುರಿಯ ಗೊರಸಿನ ಸಂದಿಯಲ್ಲಿ ಆ ಎರೆ ಕೂತು ಕಾಲು ಕೊಳೆಯುತ್ತದೆ. ಅದಕ್ಕೆ ಮಳೆಗಾಲ ಹಿಡಿದ ಕೂಡಲೇ ಗಂಡಸರು ಹಿಂಡನ್ನು ಗುಡ್ಡದ ಮೇಲಿನ ಕಲ್ಲುನೆಲಕ್ಕೆ ಹೊಡೆದುಕೊಂಡು ಹೋಗಿ ಎರಡು ತಿಂಗಳು ಅಲ್ಲೇ ಇರುತ್ತಿದ್ದರು. ಶ್ರಾವಣದಲ್ಲಿ ಒಂದು ದಿನ ಕುರಿಗಳಿಗೆ ಉಪ್ಪು ಹಾಕಬೇಕು. ಹಾಸುಬಂಡೆಯ ಮೇಲೆ ಚೆಲ್ಲಿದರೆ ಅವು ಬಂದು ನೆಕ್ಕುತ್ತವೆ. ಈ ಕೆಲಸಕ್ಕೆ ನಮ್ಮ ಮನೆಯಲ್ಲಿ ಗಂಡಸರು ಕೈ ಹಚ್ಚುವಂತಿರಲಿಲ್ಲ. ಮನೆಯ ಹಿರಿಯ ಹೆಂಗಸೇ ಗುಡ್ಡ ಹತ್ತಿ ಬರಬೇಕು, ಅವಳೇ ಕೂಗಿ ಕರೆಯಬೇಕು, ಉಪ್ಪು ನೆಕ್ಕುವ ಒಂದೊಂದು ಕುರಿಯ ಬಾಯಿ, ಕಿವಿ, ಗೊರಸು ಅವಳೇ ಮುಟ್ಟಿ ನೋಡಬೇಕು. ಯಾವುದು ಉಳಿಯಬೇಕು, ಯಾವುದು ಸಂತೆಗೆ ಹೋಗಬೇಕು ಎಂಬುದರಲ್ಲಿ ಅವಳ ಮಾತೇ ಆಖೈರು. ವರ್ಷದ ಉಳಿದ ದಿನಗಳಲ್ಲಿ ಅವಳ ಮಾತು ಮನೆಯಲ್ಲಿ ನಡೆಯುತ್ತಿದ್ದುದೂ ಆ ಒಂದು ದಿನದ ಬಲದ ಮೇಲೆಯೇ.

ಆ ಹಿರಿಯ ಹೆಂಗಸು ನನ್ನ ಅತ್ತೆ ಸಿದ್ದವ್ವ. ಮಾವ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಹಿರಿಮಗ ಮಾಳಪ್ಪ, ಅಂದರೆ ನನ್ನ ಭಾವ; ಕಿರಿಮಗ ನನ್ನ ಗಂಡ. ಭಾವನ ಹೆಂಡತಿಗೆ ಕರಡಿಯ ಹೆಸರು ಹೇಳಿದರೆ ಸಾಕು, ಗುಡ್ಡದ ಕಡೆ ಮುಖ ಮಾಡುತ್ತಿರಲಿಲ್ಲ. ಹೀಗಾಗಿ ಅತ್ತೆ ಪ್ರತಿವರ್ಷ ಒಬ್ಬಳೇ ಹೋಗಿ ಬರುತ್ತಿದ್ದಳು. ಆ ವರ್ಷ ಮಾತ್ರ, ನಾನು ಮದುವೆಯಾಗಿ ಬಂದು ನಾಲ್ಕು ತಿಂಗಳಾಗಿತ್ತು, "ಸಣ್ಣ ಸೊಸಿನೂ ಬರ್ಲಿ ನನ್ನ ಸಂಗಾಟ" ಎಂದುಬಿಟ್ಟಳು. ನನಗೆ ಹೆಮ್ಮೆ. ನನ್ನ ಕಾಲಿನ ಕಸುವು ಅವಳ ಕಣ್ಣಿಗೆ ಬಿದ್ದಿದೆ ಎಂದುಕೊಂಡೆ. ಅಂದುಕೊಳ್ಳುವುದಕ್ಕೆ ಕಾರಣವೂ ಇತ್ತು ಅನ್ನಿ. ನಾನು ಗೋಗಿಯ ಹುಡುಗಿ. ಮಠದ ಕಟ್ಟೆಯ ಮೇಲೆ ಅಣ್ಣಂದಿರ ಜೊತೆ ಕೂತು ಅಯ್ಯನವರಿಂದ ಅಕ್ಷರ ಕಲಿತವಳು, ಓಟದಲ್ಲಿ ಆ ಅಣ್ಣಂದಿರನ್ನೆಲ್ಲ ಸೋಲಿಸಿದವಳು. ನಡಿಗೆಯಲ್ಲಿ ನನ್ನನ್ನು ಮೀರಿಸಿದವರು ಇರಲಿಲ್ಲ. ಜಂಬವೆಂದರೆ ಜಂಬ, ಈಗಲೂ ಹೇಳುತ್ತೇನೆ.

ಬೆಳ್ಳಂಬೆಳಗ್ಗೆ ಹೊರಟೆವು. ಅತ್ತೆ ಮುಂದೆ, ನಾನು ಹಿಂದೆ. ಲಡಾಯಿಯ ಕಾಲ, ಉಪ್ಪು, ಸೀಮೆಎಣ್ಣೆ, ಬಟ್ಟೆ ಎಲ್ಲಕ್ಕೂ ತತ್ವಾರ. ಯಾದಗಿರಿಗೆ ರೈಲಿನಲ್ಲಿ ಬಂದ ಉಪ್ಪು ಭೀಮೆ ದಾಟಿ ನಮ್ಮೂರಿಗೆ ಬರುವಷ್ಟರಲ್ಲಿ ಬಂಗಾರವಾಗಿರುತ್ತಿತ್ತು. ಅಂಥ ಗಂಟು ನನ್ನ ತಲೆಯ ಮೇಲಿದೆ ಎಂದು ನಾನು ಕತ್ತು ನೆಟ್ಟಗೆ ಮಾಡಿಕೊಂಡು ನಡೆದೆ. ಗುಡ್ಡದ ಬುಡದಲ್ಲಿ ಜಂಗಲಾತಿನ, ಅಂದರೆ ಅರಣ್ಯ ಇಲಾಖೆಯ, ಜವಾನ ಒಬ್ಬ ಬೀಡಿ ಸೇದುತ್ತ ನಿಂತಿದ್ದ. ಅವನಿಗೆ ದೊಡ್ಡ ದೊಡ್ಡ ಕುಳಗಳೇ ಸಲಾಮು ಹೊಡೆಯುತ್ತಿದ್ದವು. ಅತ್ತೆ ಅವನ ಮುಂದೆಯೇ ಹಾದುಹೋದಳು, ತಿರುಗಿ ನೋಡಲಿಲ್ಲ.

"ಏನ್ ಮುದುಕಿ, ಸಲಾಂ ಇಲ್ಲ ಏನಿಲ್ಲ, ಭಾರಿ ಜೋರದಾಗ ಹೊಂಟಿ!" ಎಂದ ಅವನು.

ಅತ್ತೆ ಗಕ್ಕನೆ ನಿಂತು ದನಿ ಬಂದ ಕಡೆ ಮುಖ ಮಾಡಿದಳು. "ಕುರಿ ಕಾದ್ಕೊಂಡು ಕುಂತಾವಪ್ಪಾ. ಬರೂವಾಗ ನಿನ್ನ ಸಲಾಂ ಜರೂರ ಕೊಡ್ತೀನಿ, ತಡಿ."

ಅಬ್ಬಾ, ಎಂಥ ಸೊಕ್ಕು ಈ ಅತ್ತೆಯದು ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಊರಲ್ಲಿಯೂ ಅವಳು ಹಾಗೆಯೇ. ಓಣಿಯಲ್ಲಿ ಎದುರಾದವರನ್ನು ತಾನಾಗಿ ಮಾತಾಡಿಸುತ್ತಿರಲಿಲ್ಲ. ದೊಡ್ಡ ಮನೆಯ ಹೆಣ್ಣು, ಅಷ್ಟು ಗತ್ತು ಇರಬೇಕಾದ್ದೇ ಎಂದುಕೊಂಡಿದ್ದೆ.

ಬಂಡೆ ಶುರುವಾಗುವ ಕಡೆ ಅತ್ತೆ ಕಾಲ್ಮರಿ ಚಪ್ಪಲಿ ಕಳಚಿ ಸೊಂಟಕ್ಕೆ ಸಿಕ್ಕಿಸಿದಳು. ಭಕ್ತಿ ಇರಬೇಕು ಎಂದು ನಾನೂ ಕಳಚಿದೆ. ಆಮೇಲೆ ನೋಡಿ, ಅವಳ ನಡಿಗೆ! ಎರಡು ಬಂಡೆಗಳ ನಡುವೆ ಮೈ ಓರೆ ಮಾಡಿ ನುಸುಳುವ ಸಂದಿ, ಪಾಚಿ ಹಿಡಿದ ಇಳಿಜಾರು ಹಾಸು, ಬೇರು ಹಿಡಿದು ಹತ್ತುವ ಗೋಡೆಯಂಥ ಏರು, ಎಲ್ಲಿಯೂ ಅವಳು ತಡವರಿಸಲಿಲ್ಲ. ಪಾದವನ್ನು ಒಮ್ಮೆ ಸವರಿದಂತೆ ಇಡುವಳು, ಭಾರ ಹಾಕುವಳು, ಮುಂದೆ ಹೋಗುವಳು. ನಾನು ಎಡವಿ ಎಡವಿ ಹೆಬ್ಬೆರಳ ಉಗುರು ಕಿತ್ತುಕೊಂಡಿದ್ದೆ. ಗೋಗಿಯ ಬಯಲಿನಲ್ಲಿ ಓಡಿದ ಕಾಲು ಇಲ್ಲಿ ಕೆಲಸಕ್ಕೆ ಬರಲಿಲ್ಲ. ಅದು ನನಗೆ ತಡೆಯದಾಯಿತು. ಅರ್ಧ ಗುಡ್ಡ ಹತ್ತಿದ ಮೇಲೆ ಎಡಕ್ಕೆ ಅಗಲವಾದ, ಬಿಳುಪಾದ ಹಾದಿಯೊಂದು ಚೆನ್ನಾಗಿ ಕಂಡಿತು. ಅತ್ತೆ ಅದನ್ನು ಬಿಟ್ಟು ಬಲಕ್ಕೆ ಕಂಟಿಯೊಳಗೆ ನುಗ್ಗುತ್ತಿದ್ದಾಳೆ!

"ಅತ್ತಿ, ದಾರಿ ಈ ಕಡಿ ಐತಲ್ರಿ."

"ಅದು ನೀರಿನ ದಾರಿ. ಮಂದಿದಲ್ಲ."

"ಕಣ್ಣಿಗಿ ಕಾಣಾಕತ್ತೈತಲ್ರೀ, ಎಷ್ಟು ಚಂದ ಐತಿ!"

"ಕಾಣ್ತೈತಂತ ಹೋಗ್ತಿ ಏನು? ಹೋಗು ಹಂಗಾದ್ರ," ಎಂದಳು ಅತ್ತೆ.

ಹೋದೆ. ಹದಿನೇಳರ ವಯಸ್ಸು, ಇನ್ನೇನು ಮಾಡುತ್ತೀರಿ? ಇಪ್ಪತ್ತು ಮಾರು ಹೋಗುವಷ್ಟರಲ್ಲಿ ಹಾದಿ ಕೊನೆಯಾಯಿತು. ಮುಂದೆ ಮಳೆನೀರು ಧುಮುಕಿ ಕೊರೆದ ಕಮರಿ, ಕಾಲ ಕೆಳಗೆ ಜಾರುವ ಗರಸುಕಲ್ಲು. ಹಿಂದಕ್ಕೆ ಹೆಜ್ಜೆ ಇಟ್ಟರೆ ಕಲ್ಲು ಉರುಳುತ್ತವೆ. ತಲೆಯ ಮೇಲೆ ಮನೆಯ ವರ್ಷದ ಉಪ್ಪು. ಒಂದು ಕೈಯಲ್ಲಿ ಗಂಟು, ಇನ್ನೊಂದು ಕೈಯಲ್ಲಿ ಯಾವುದೋ ಕಂಟಿಯ ಟೊಂಗೆ. ನನ್ನ ಜಂಬವೆಲ್ಲ ಇಳಿದುಹೋಗಿ "ಅತ್ತೀ, ಬೀಳಾಕತ್ತೀನ್ರೀ!" ಎಂದು ಚೀರಿದೆ.

ಅತ್ತೆ ಬಂದಳು. ಬಂಡೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಕೈ ಚಾಚಿದಳು. ನಾನು ಟೊಂಗೆ ಬಿಟ್ಟು ಕೈ ಚಾಚಿದೆ. ಅವಳ ಕೈ ನನ್ನ ಕೈಯಿಂದ ಒಂದು ಗೇಣು ಆಚೆ ಬರೀ ಗಾಳಿಯಲ್ಲಿ ಹುಡುಕಾಡುತ್ತಿತ್ತು. ಮುಖ ನನ್ನತ್ತಲೇ ಇದೆ, ಕಣ್ಣು ತೆರೆದಿವೆ, ಕೈ ಮಾತ್ರ ಅತ್ತ ಇತ್ತ ತಡಕುತ್ತಿದೆ.

"ಕೈ ಎಲ್ಲೈತಿ ಹೇಳು," ಎಂದಳು. "ಬಾಯಿ ತಗದು ಹೇಳು, ಹುಚ್ಚಿ."

"ಎಡಕ್ಕ... ಇನ್ನೊಂದೀಟು ಎಡಕ್ಕ ಬರ್ರಿ," ಎಂದೆ. ಕೈ ಸಿಕ್ಕಿತು. ಆ ಹಿಡಿತ ಇವತ್ತಿಗೂ ನನ್ನ ಮಣಿಕಟ್ಟಿನಲ್ಲಿ ಇದೆ.

ಮೇಲೆ ಬಂದು ಇಬ್ಬರೂ ಬಂಡೆಗೆ ಒರಗಿ ಕೂತೆವು. ನನಗೆ ಅಳು ಬರುತ್ತಿತ್ತು. ಅವಳಿಗೆ ಬರಲಿಲ್ಲ.

"ಎಂದಿನಿಂದ್ರೀ ಅತ್ತಿ?"

"ಮಬ್ಬು ಹಿಡದು ಬಾಳ ದಿನ ಆತು. ಹ್ವಾದ ವರ್ಷ ಬಂದಾಗ ನೆಳ್ಳು ಕಾಣ್ತಿತ್ತು. ಈಗ ಬೆಳಕು, ಕತ್ತಲಿ ಅಷ್ಟ ತಿಳೀತೈತಿ." ಅವಳು ಪಾದ ಉಜ್ಜಿಕೊಂಡಳು. "ಮಂದಿ ನಡದ ಕಲ್ಲು ನುಣ್ಣಗ ಇರ್ತೈತಿ. ನೀರು ಹರದದ್ದು ಒರಟು ಇರ್ತೈತಿ. ಕಾಲಿಗಿ ಗೊತ್ತಾಗ್ತೈತಿ. ಮ್ಯಾಲ ಕುರಿ ಮುಟ್ಟಿ ನೋಡಾಕ ಕಣ್ಣು ಯಾಕ ಬೇಕು? ಖರೆ ಮಾಳಪ್ಪಗ ತಿಳಿದ್ರ ನನ್ನ ಮೂಲ್ಯಾಗ ಕುಂದ್ರಸ್ತಾನ. ಕುಂದ್ರಿಸಿ ಚಂದಂಗ ರೊಟ್ಟಿ ಹಾಕ್ತಾನ, ಒಳ್ಳೆ ಮಗ ಅಂವ. ನನಗ ಅದ ಬ್ಯಾಡಾಗೇತಿ."

ಯಾರಿಗೂ ಹೇಳುವುದಿಲ್ಲ ಎಂದೆ. ಅವಳು ಎದ್ದು ಮುಂದೆ ಹೊರಟಳು. ಮುಂದಿನ ದಾರಿಯಲ್ಲಿ ಮಳೆಗೆ ಮರವೊಂದು ಅಡ್ಡ ಬಿದ್ದು, ಕಲ್ಲುಗಳೆಲ್ಲ ಜಾಗ ಬಿಟ್ಟಿದ್ದವು. ಅಲ್ಲಿ ಅವಳ ಪಾದಕ್ಕೂ ದಾರಿ ತಿಳಿಯಲಿಲ್ಲ. ಕೈ ಹಿಡಿದುಕೊಂಡೆ. ಹಿಡಿದವಳು ಬಿಡುವುದನ್ನು ಮರೆತು ಹಾಗೆಯೇ ಮೇಲಿನ ಬಯಲಿಗೆ ಬಂದುಬಿಟ್ಟೆ. ಎದುರಿಗೆ ಭಾವ, ನನ್ನ ಗಂಡ ಇಬ್ಬರೂ ನಿಂತಿದ್ದರು. ಸೊಸೆಯ ಕೈ ಹಿಡಿದು ನಡೆಯುವ ಹೆಂಗಸಲ್ಲ ನನ್ನ ಅತ್ತೆ.

"ಯಾಕವ್ವಾ, ಕೈ ಹಿಡ್ಕೊಂಡು ಬರಾಕತ್ತೀರಿ?" ಎಂದ ಭಾವ.

ನನ್ನ ಬಾಯಿಂದ ಮಾತು ತಾನಾಗಿ ಬಂತು: "ನನಗ ತಲಿ ತಿರಗಿತ್ರೀ ಭಾವ. ಅತ್ತಿ ಹಿಡಕೊಂಡು ಬಂದ್ರು."

ಗುಡ್ಡ ಹತ್ತಲಾರದ ಸೊಸೆ ಎಂದು ನಗುತ್ತಾರೆ, ಅಷ್ಟೇ ತಾನೆ, ನುಂಗಿಕೊಂಡರಾಯಿತು ಎಂದು ನನ್ನ ಲೆಕ್ಕ. ಆದರೆ ಯಾರೂ ನಗಲಿಲ್ಲ. ಭಾವ ಗಡಬಡಿಸಿ ಕಂಬಳಿ ಹಾಸಿ "ಕುಂದ್ರವ್ವಾ, ಕುಂದ್ರು" ಎಂದ. ಹಾಲು ಕಾಯಿಸಿ ಬೆಲ್ಲ ಹಾಕಿ ತಂದ. ನನ್ನ ಗಂಡ ಕೆಂಪಗಾಗಿ ಕುರಿಗಳ ಹಿಂದೆ ಹೋಗಿ ನಿಂತರು. ಅತ್ತೆ ಉಪ್ಪು ಚೆಲ್ಲಿ ಕೂಗಿ, ಕುರಿಗಳನ್ನೆಲ್ಲ ಎಂದಿನಂತೆ ಮುಟ್ಟಿ ನೋಡಿ, ಎಂದಿನಂತೆ ಬೈದು ಮುಗಿಸುವವರೆಗೆ ನನಗೆ ಏನೂ ಹೊಳೆಯಲಿಲ್ಲ. ಇಳಿಯುವ ಹೊತ್ತಿಗೆ ಗಂಡ ಹತ್ತಿರ ಬಂದು, ನೆಲ ನೋಡುತ್ತ, "ಎಷ್ಟ ತಿಂಗಳಾತು?" ಎಂದು ಕೇಳಿದರು.

ಹೊಸ ಸೊಸೆಗೆ ತಲೆ ತಿರುಗಿತು ಅಂದರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ. ಅಕ್ಷರ ಕಲಿತ ಜಾಣೆ ನಾನು, ಇಷ್ಟು ತಿಳಿಯಬಾರದಿತ್ತೇ! ಇಲ್ಲ ಎಂದರೆ "ಹಾಗಾದರೆ ತಲೆ ಯಾಕೆ ತಿರುಗಿತು" ಎಂಬ ಪ್ರಶ್ನೆ ಬರುತ್ತದೆ. ತಿರುಗಲೇ ಇಲ್ಲ ಎಂದರೆ "ಕೈ ಯಾಕೆ ಹಿಡಿದಿದ್ದಿರಿ" ಎಂದು ಬರುತ್ತದೆ. ನಾನು ತಲೆ ತಗ್ಗಿಸಿದೆ. ಅದನ್ನೂ ಅವರು ನಾಚಿಕೆ ಎಂದುಕೊಂಡರು. ಸುದ್ದಿ ಗುಡ್ಡ ಇಳಿದು ನಮಗಿಂತ ಮೊದಲೇ ಊರು ಮುಟ್ಟಿತು. ಎಂಟು ದಿನದಲ್ಲಿ ನನ್ನ ಅವ್ವ ಗೋಗಿಯಿಂದ ಬಯಕೆಯ ಬುತ್ತಿ ಕಟ್ಟಿಸಿಕೊಂಡು ಬಂದಳು. ನಾಚಿಕೆ ಬಿಟ್ಟು ಹೇಳುತ್ತೇನೆ, ಕರಿಗಡುಬು ಆರು ತಿಂದೆ.

ಆಮೇಲಿನದು ನಗುವ ಮಾತಲ್ಲ. ತಿಂಗಳು ಕಳೆದವು, ಹೊಟ್ಟೆ ಬರಲಿಲ್ಲ. ಗುಡ್ಡದ ಏರು ತಾಳದೆ ಬಸಿರು ಹೋಯಿತು ಎಂದು ಓಣಿಯ ಹೆಂಗಸರು ತೀರ್ಮಾನಿಸಿದರು. ಬಾವಿಯ ಹತ್ತಿರ ಹೋದರೆ ಮಾತು ನಿಲ್ಲಿಸಿ "ಅಯ್ಯ ಪಾಪ" ಎನ್ನುವರು. ಬೈದರೆ ತಿರುಗಿ ಬೈಯಬಹುದು, ಈ ಪಾಪಕ್ಕೆ ಏನು ಮಾಡುತ್ತೀರಿ? ಸುರಪುರದ ಕಡೆಯ ನೆಂಟಳೊಬ್ಬಳು ಬಂದವಳು ನನ್ನ ಮುಂದೆಯೇ ಅತ್ತೆಗೆ, "ನಮ್ಮ ತಂಗಿ ಮಗಳು ಒಬ್ಬಾಕಿ ಅದಾಳ್ರಿ, ಗಟ್ಟಿಮುಟ್ಟ ಹುಡುಗಿ, ಮನಸಿನ್ಯಾಗ ಇರ್ಲಿ" ಎಂದು ಹೇಳಿ ಹೋದಳು. ಆ ದಿನ ನಾನು ಕುರಿಹಟ್ಟಿಗೆ ಹೋಗಿ ಗೋಡೆಗೆ ಮುಖ ಕೊಟ್ಟು ಅತ್ತುಬಿಟ್ಟೆ. ಅತ್ತೆಯ ಗುಟ್ಟು ಹೇಳಿಬಿಡಲೇ ಎಂದು ಹತ್ತು ಸಲ ಬಾಯಿಗೆ ಬಂತು. ಹೇಳಲಿಲ್ಲ. ಒಳ್ಳೆಯತನವೋ ಹಟವೋ, ನನಗೇ ಗೊತ್ತಿಲ್ಲ.

ಮತ್ತೆ ಶ್ರಾವಣ ಬಂತು. ಭಾವ ಗುಡ್ಡದಿಂದ ಇಳಿದು ಬಂದು ಅಂಗಳದಲ್ಲಿ ನಿಂತು ಹೇಳಿದ: "ಈ ವರ್ಷ ಸಣ್ಣಾಕಿ ಬ್ಯಾಡವ್ವಾ. ಹ್ವಾದ ವರ್ಷ ಏನಾತು ಗೊತ್ತೈತಲ್ಲ. ಅಕಿ ಮನ್ಯಾಗ ಇರ್ಲಿ. ನಾನ ನಿನ್ನ ಕರ್ಕೊಂಡು ಹೋಗ್ತೀನಿ." ನನ್ನ ಗಂಡ ಮೇಲೆ ಹಿಂಡಿನ ಹತ್ತಿರವೇ ಉಳಿದಿದ್ದರು. ಅಂಗಳದಲ್ಲಿ ಭಾವನ ಹೆಂಡತಿ ಇದ್ದಳು, ಪಕ್ಕದ ಮನೆಯವರು ಗೋಡೆಯ ಆಚೆಯಿಂದ ಇಣುಕುತ್ತಿದ್ದರು. ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು. ಅವಳು ಬರೀ ಹೂಂ ಎಂದು, ದಾರಿಯಲ್ಲಿ ಏನೋ ನೆವ ಹೇಳಿ ಭಾವನ ಹೆಗಲ ಮೇಲೆ ಕೈಯಿಟ್ಟಿದ್ದರೆ ಇನ್ನೊಂದು ವರ್ಷ ದಾಟುತ್ತಿತ್ತು. ನಾನು ಅದೇ ಆಗುತ್ತದೆ ಎಂದು ನಿಂತಿದ್ದೆ.

"ಮಾಳಪ್ಪಾ," ಎಂದಳು ಅತ್ತೆ, "ನಿನ್ನ ಮಾರಿ ಕಂಡು ನನಗ ಎರಡು ವರ್ಷಾತು."

ಭಾವನಿಗೆ ಅರ್ಥವಾಗಲಿಲ್ಲ. "ಇಲ್ಲೇ ಅದೀನಲ್ಲವ್ವಾ," ಎಂದ.

"ಇದ್ದೀಪಾ. ನನಗ ಕಾಣೂದಿಲ್ಲ. ಯಾರೂ ಕಾಣೂದಿಲ್ಲ." ಗೋಡೆಯ ಆಚೆಯವರಿಗೂ ಕೇಳಲಿ ಎಂಬಂತೆ ದನಿ ಎತ್ತರಿಸಿ ಹೇಳಿದಳು. "ಈ ಹುಡುಗಿಗಿ ತಲಿ ತಿರಗಿದ್ದಿಲ್ಲ, ಹೊಟ್ಟೀನೂ ನಿಂತಿದ್ದಿಲ್ಲ, ಹೋಗಿದ್ದೂ ಇಲ್ಲ. ನಾ ಕುರುಡಿ ಅಂತ ನಿಮಗ ತಿಳೀಬಾರ್ದಂತ ತನ್ನ ಮ್ಯಾಲ ಹಾಕ್ಕೊಂಡಾಳ. ನನ್ನ ಇಜ್ಜತ್ತು ಉಳಸಾಕ ತನ್ನ ಇಜ್ಜತ್ತು ಕೊಟ್ಟು ಒಂದು ವರ್ಷ ಬಾಯಿ ಮುಚ್ಚಿಕೊಂಡು ಕುಂತಾಳ. ಇನ್ಮ್ಯಾಲ ಯಾರರ ಅಕಿಗಿ ಪಾಪ ಅಂದ್ರ ಈ ಕಟ್ಟಿಗಿ ಬಂದು ನನಗ ಅನ್ರಿ."

ಭಾವ ಅಲ್ಲಿಯೇ ನೆಲದ ಮೇಲೆ ಕೂತುಬಿಟ್ಟ. ಅಷ್ಟು ದೊಡ್ಡ ಆಳು, ಹುಡುಗರ ಹಾಗೆ ಅತ್ತ. ಅತ್ತೆಯ ಮೊಳಕಾಲು ಹಿಡಿದು, "ಸಾಕವ್ವಾ, ಇನ್ನ ನೀ ಗುಡ್ಡ ಹತ್ತಬ್ಯಾಡ" ಎಂದ. ಅವಳು ಹೆದರಿದ್ದು ಯಾವ ಮಾತಿಗೋ ಅದೇ ಮಾತು ಬಂತು.

ಅತ್ತೆ ಅವನ ತಲೆ ಸವರಿದಳು. "ಕಣ್ಣು ಹ್ವಾದ್ರ ಗುಡ್ಡ ಎಲ್ಲಿ ಹೋಗ್ತೈತೋ ಮಾಳಪ್ಪಾ? ಅಲ್ಲೇ ಐತಿ. ಏಳು, ಉಪ್ಪಿನ ಗಂಟು ತಗೋ. ಬಿಸಲು ಏರಾಕತ್ತೈತಿ."

ಮೂವರೂ ಹೊರಟೆವು. ಅತ್ತೆ ಮುಂದೆ, ನಾನು ಹಿಂದೆ, ಉಪ್ಪಿನ ಗಂಟು ಹೊತ್ತ ಭಾವ ನನ್ನ ಹಿಂದೆ. ಅವಳು ಎಲ್ಲಿಯೂ ಎಡವಲಿಲ್ಲ. ಕಣ್ಣೊರೆಸಿಕೊಳ್ಳುತ್ತ ಬಂದ ಭಾವನೇ ಮೂರು ಸಲ ಎಡವಿದ. ನಾಲ್ಕನೆಯ ಸಲಕ್ಕೆ ಅತ್ತೆ ತಿರುಗಿ ನಿಂತು, "ಯಾಕೋ, ನಿನಗೂ ತಲಿ ತಿರಗಾಕತ್ತೈತೇನು?" ಎಂದಳು. ಗುಡ್ಡವೆಲ್ಲ ಕೇಳುವ ಹಾಗೆ ನಾನು ನಕ್ಕೆ. ಆಮೇಲೆ ಅವಳು ಇನ್ನೂ ಆರು ವರ್ಷ ಆ ಗುಡ್ಡ ಹತ್ತಿದಳು. ಅಷ್ಟರಲ್ಲಿ ನಿಜಾಮನ ರಾಜ್ಯವೂ ಹೋಯಿತು, ಜಂಗಲಾತಿನ ಆ ಜವಾನನೂ ಹೋದ. ನಾನು ನಾಲ್ಕು ಹಡೆದೆ. ಮೊದಲನೆಯದರ ಸುದ್ದಿಯನ್ನು ಹೇಳಿದಾಗ ಯಾರೂ ನಂಬದೆ, ಅತ್ತೆ ಬಂದು ಹೊಟ್ಟೆ ಮುಟ್ಟಿ ನೋಡಿ ಹೌದೆಂದ ಮೇಲೆ ನಂಬಿದರು.

ಈ ಕಥೆಯನ್ನು ನಾನು ಮನೆಯಲ್ಲಿ ಹೇಳದ ಹಬ್ಬವಿಲ್ಲ. ಹೇಳುವಾಗಲೆಲ್ಲ ನಾನೇ ದೊಡ್ಡವಳು. ಅತ್ತೆಯ ಮಾನ ಕಾಪಾಡಿದ ಸೊಸೆ. ಮೊನ್ನೆ ರೇಣುಕಾಗೂ ಹಾಗೆಯೇ ಶುರುಮಾಡಿದೆ. "ನಿನ್ನ ಮಾರಿ ಕಂಡು ಎರಡು ವರ್ಷಾತು" ಎಂಬಲ್ಲಿಗೆ ಬಂದಾಗ ಬಾಯಿ ನಿಂತುಹೋಯಿತು. ಮೊದಲ ಸಲ ನನಗೆ ನಾಚಿಕೆಯಾಯಿತು.

ನಿಮಗೂ ಹೇಳಿಬಿಡುತ್ತೇನೆ. ಹೋದ ದೀಪಾವಳಿಯಿಂದ ನನ್ನ ಎಡಗಿವಿ ಕೇಳಿಸುವುದಿಲ್ಲ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಎಡಗಡೆ ಕೂತವರು ಏನೇ ಹೇಳಲಿ, "ಹೂಂ" ಅನ್ನುತ್ತೇನೆ. ಹೋದ ವಾರ ಸೊಸೆ ಹಾಲು ನೋಡಿಕೊಳ್ಳಿ ಎಂದಳಂತೆ, ಹೂಂ ಎಂದೆ, ಹಾಲೆಲ್ಲ ಉಕ್ಕಿ ಹರಿಯಿತು. ಸ್ಟೋವಿನದೇ ತಪ್ಪು ಎಂದು ಜಗಳವಾಡಿದೆ. ಕಿವುಡಿ ಎಂದು ತಿಳಿದರೆ ನನ್ನನ್ನು ಮಾತಿಗೆ ಕರೆಯುವುದಿಲ್ಲ, ಮೂಲೆಗೆ ಕೂರಿಸಿ ಒಳ್ಳೆಯ ಊಟ ಹಾಕುತ್ತಾರೆ ಎಂಬ ಹೆದರಿಕೆ. ಅತ್ತೆಗೆ ಗುಡ್ಡವೇ ಹೋಗುವುದಿತ್ತು, ಆದರೂ ಇನ್ನೊಬ್ಬಳ ಸಲುವಾಗಿ ಓಣಿಯೆಲ್ಲ ಕೇಳುವ ಹಾಗೆ ಹೇಳಿದಳು. ನನಗೆ ಹೋಗುವುದು ಒಂದಿಷ್ಟು ಜಂಬ. ಅಷ್ಟು ವರ್ಷ ಅವಳ ಹಿಂದೆ ನಡೆದು ನಾನು ಕಲಿತದ್ದೇನು?

ರೇಣುಕಾ ನನ್ನ ಎಡಗಡೆಯೇ ಕೂತಿದ್ದಳು. ಅವಳ ಕೈ ಹಿಡಿದುಕೊಂಡೆ. "ನನಗ ಈ ಕಿವಿ ಕೇಳ್ಸೂದಿಲ್ಲವ್ವಾ," ಎಂದೆ. "ದೀಪಾವಳಿಂದ. ನಿಮಗೆಲ್ಲ ಸುಳ್ಳ ಹೂಂ ಅನಕೋತ ಬಂದೀನಿ."

ಅವಳು ನನ್ನತ್ತ ತಿರುಗಿದಳು. ಆಮೇಲೆ ಏನೋ ಹೇಳಿದಳು. ತುಟಿ ಆಡಿದ್ದು ಕಂಡಿತು, ಮಾತು ಕೇಳಲಿಲ್ಲ. 'ಹೂಂ' ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ನುಂಗಿಕೊಂಡೆ.

"ಏನಂದಿ?" ಎಂದೆ. "ಈ ಕಡಿ ಬಂದು ಇನ್ನೊಮ್ಮಿ ಹೇಳು."